ಯರ್ರಿಸ್ವಾಮಿಯ ವರ್ಗಾವಣೆ ಮತ್ತು ಮೂರು ವಿಭಾಗದ ಸ್ಕ್ಯಾನರು

ರಾಯದುರ್ಗದ ಕುರಿ ಸಾಕಣೆದಾರರ ಸಂಘದಲ್ಲಿ ಮೂರು ವಿಭಾಗಕ್ಕೂ ಸೇರಿ ಇದ್ದದ್ದು ಒಂದೇ ಸ್ಕ್ಯಾನರು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗುಮಾಸ್ತ ಯರ್ರಿಸ್ವಾಮಿ ತನ್ನ ವರ್ಗಾವಣೆ ಅರ್ಜಿಯನ್ನು ಅದರ ಗಾಜಿನ ಮೇಲೆ ಬೋರಲು ಮಲಗಿಸಿ ಹಸಿರು ಗುಂಡಿ ಒತ್ತಿದ. ಯಂತ್ರ ಗುರ್ ಎಂದಿತು. ಒಳಗಿನ ಬೆಳಕು ಅತ್ತಿಂದಿತ್ತ ಓಡಿತು. ಕೊನೆಗೆ ಪುಟ್ಟ ಪರದೆಯ ಮೇಲೆ 'ಸಂಪರ್ಕ ಇಲ್ಲ' ಎಂದು ತೋರಿಸಿ ಸುಮ್ಮನಾಯಿತು.

ಯರ್ರಿಸ್ವಾಮಿಯ ಹೆಂಡತಿ ಮಮತಾ ಮಡಕಶಿರಾದಲ್ಲಿ ನರ್ಸು, ಮಗಳೂ ಅಲ್ಲೇ. ಮೂರು ವರ್ಷದಿಂದ ಅವನು ವಾರಕ್ಕೊಮ್ಮೆ ಬಸ್ಸು ಬದಲಿಸುತ್ತ ಹೋಗಿಬರುತ್ತಿದ್ದ. ಮಗಳು ಶಾಲೆಯಲ್ಲಿ ಅವನನ್ನು 'ಶನಿವಾರದ ಅಪ್ಪ' ಎಂದು ಪರಿಚಯಿಸಿದ್ದಳು. ಈಗ ಮಡಕಶಿರಾ ಶಾಖೆಯ ಗೋವರ್ಧನ್ ಅದಲುಬದಲಿಗೆ ಒಪ್ಪಿದ್ದ. ಇವನು ಅಲ್ಲಿಗೆ, ಅವನು ಇಲ್ಲಿಗೆ. ಇಬ್ಬರೂ ಸಹಿ ಹಾಕಿದ ಅರ್ಜಿ ಅಂದೇ ಸಂಜೆ ಐದರೊಳಗೆ ಕಚೇರಿಯ ಸ್ಕ್ಯಾನರಿನಿಂದಲೇ ಅನಂತಪುರದ ಹೆಡ್ಡಾಫೀಸಿನ ಕಂಪ್ಯೂಟರಿಗೆ ಹೋಗಬೇಕು. ತಪ್ಪಿದರೆ ಮುಂದಿನ ವರ್ಷ.

ಇನ್ನೊಮ್ಮೆ ಒತ್ತಿದ. 'ಸಂಪರ್ಕ ಇಲ್ಲ.' ಮತ್ತೊಮ್ಮೆ ಒತ್ತಿದ.

"ಬಂದ್ ಮಾಡಿ ಚಾಲೂ ಮಾಡ್ರಿ," ಎಂದರು ಪಕ್ಕದ ಮೇಜಿನ ಹಿರಿಯ ಸಹಾಯಕಿ ಶಾಂತಕುಮಾರಿ. "ನಮ್ಮನ್ಯಾಗ ಟೀವಿಗೂ ಹಂಗ ಮಾಡ್ತೀನಿ."

ಯರ್ರಿಸ್ವಾಮಿ ಮೇಜಿನ ಕೆಳಗೆ ತೂರಿ ಪ್ಲಗ್ ಕಿತ್ತ. ಶಾಂತಕುಮಾರಿಯವರ ಕಂಪ್ಯೂಟರು ಆರಿಹೋಯಿತು.

"ಮುಂಜಾನಿಂದ ಟೈಪ್ ಮಾಡಿದ್ದು," ಎಂದು ಅವರು ಮೆಲ್ಲಗೆ ಹೇಳಿದರು. ಅವರು ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವನಿಗೆ. ಸರಿಯಾದ ಪ್ಲಗ್ ಹುಡುಕಿ ಕಿತ್ತು ಹಾಕಿದ. ಯಂತ್ರ ನಿದ್ದೆಯಿಂದ ಎದ್ದ ಮಾವನಂತೆ ಐದು ನಿಮಿಷ ಗೊಣಗಿ, ಮತ್ತೆ ಅದನ್ನೇ ಹೇಳಿತು.

ಮಧ್ಯಾಹ್ನದ ಹೊತ್ತಿಗೆ ಅವನು ಏಳು ಸಲ ಒತ್ತಿದ್ದ. ಊಟಕ್ಕೆ ಹೋಗಲಿಲ್ಲ. ಹೋಗುವವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋದರು. ಒಬ್ಬರು ಗಾಜು ಒರೆಸು ಎಂದರು. ಇನ್ನೊಬ್ಬರು ಕಾಗದದ ತಲೆ ಕೆಳಗೆ ಮಾಡು ಎಂದರು. ಅವನು ಎರಡನ್ನೂ ಮಾಡಿ ಮತ್ತೆರಡು ಸಲ ಒತ್ತಿದ.

ಬಾಗಿಲ ಬಳಿಯ ಬೆಂಚಿನ ಮೇಲೆ ಗುಮ್ಮಘಟ್ಟದ ಓಬಮ್ಮ ಕೂತಿದ್ದಳು. ಅವಳ ಕುರಿಗಳ ವಿಮೆ ಕಾಗದವೂ ಅದೇ ಯಂತ್ರದಲ್ಲಿ ಹೋಗಬೇಕಿತ್ತು. ಎಲೆ ಅಡಿಕೆ ಜಗಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು.

"ತಮ್ಮಾ, ಗ್ವಾಡಿ ಮ್ಯಾಲೆ ಆ ಕರೀ ಡಬ್ಬಿ ಹೋದ ತಿಂಗಳ ಇದ್ದಿಲ್ಲಲ್ಲ. ಅದೇನದು?"

ಯರ್ರಿಸ್ವಾಮಿ ತಲೆಯೆತ್ತಿದ. ಶುಕ್ರವಾರ ಯಾರೋ ಬಂದು ಗೋಡೆಗೆ ಹೊಡೆದು ಹೋಗಿದ್ದ ಡಬ್ಬಿ ಹಸಿರು ದೀಪ ಮಿಟುಕಿಸುತ್ತಿತ್ತು.

"ಫೈರ್‌ವಾಲ್ ಅಂತ್ರಿ ಅದು," ಎಂದರು ಶಾಂತಕುಮಾರಿ. "ಬೆಂಕಿ ಬಿದ್ರ ಆರಸ್ತೈತಿ."

ಅವನಿಗೆ ಸಂಶಯ ಬಂತು. ಅನಂತಪುರದ ಕಂಪ್ಯೂಟರ್ ವಿಭಾಗದ ಯೋಗೀಶನಿಗೆ ಫೋನು ಹಚ್ಚಿದ. ಹನ್ನೊಂದನೇ ಸಲಕ್ಕೆ ಯೋಗೀಶ ಎತ್ತಿದ. ಅವನು ಮಡಕಶಿರಾ ಕಡೆಯ ಅಗಳಿಯವನು, ಮಾತು ನಿಧಾನ.

"ಬೆಂಕಿಗೂ ಅದಕ್ಕೂ ಏನೂ ಸಂಬಂಧ ಇಲ್ಲ ಸಾರ್. ಅದು ಗೇಟ್ ಕಾಯೋ ವಾಚ್‌ಮನ್ ಇದ್ದಂಗೆ. ಅದರ ಪಟ್ಟೀಲಿ ಹೆಸರಿದ್ದೋರ್ನ ಮಾತ್ರ ಹೊರಗೆ ಬಿಡ್ತೈತೆ. ನಿಮ್ ಸ್ಕ್ಯಾನರ್‌ನ ಯಾರೂ ಪಟ್ಟೀಗೆ ಸೇರ್ಸಿಲ್ಲ. ಅದರ ಹೊಟ್ಟೆ ಕೆಳಗೆ ಹನ್ನೆರಡು ಅಕ್ಷರದ ನಂಬರ್ ಇರ್ತೈತೆ, ಓದಿ."

ಹೊಟ್ಟೆಯ ಕೆಳಗೆ. ಸ್ಕ್ಯಾನರು ತುಂಬಿದ ಧಾನ್ಯದ ಚೀಲದಷ್ಟು ಭಾರವಿತ್ತು. ಶಾಂತಕುಮಾರಿ ಒಂದು ಬದಿ ಎತ್ತಿ ಹಿಡಿದರು. ಯರ್ರಿಸ್ವಾಮಿ ಮೇಜಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ಓದಿದ. ಎರಡು ವರ್ಷದ ಧೂಳು ಅವನ ಮೂಗಿಗೆ ಬಂತು. ಯೋಗೀಶ ಬರೆದುಕೊಂಡು ಪಟ್ಟಿಗೆ ಸೇರಿಸಿದ. ಯರ್ರಿಸ್ವಾಮಿ ಒತ್ತಿದ. 'ಸಂಪರ್ಕ ಇಲ್ಲ.'

"ತಪ್ಪು ಓದೀರಾ ಸಾರ್. ಇನ್ನೊಂದ್ಸಲ."

ಓದಿದ, ಒತ್ತಿದ, ಇಲ್ಲ. ಕನ್ನಡಕ ಬದಲಿಸಿ ಓದಿದ, ಒತ್ತಿದ, ಇಲ್ಲ. ಹನ್ನೆರಡು ಸಲ ಒತ್ತಿಯಾಗಿತ್ತು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಬಿಳಿ ಅಂಗಿ ಒಲೆಯ ಮುಂದಿನ ಮಸಿಬಟ್ಟೆಯಾಗಿತ್ತು.

"ನನ್ನ ರಟ್ಟಿ ಬಿದ್ದು ಹೋಗ್ತಾವ್ರೀ," ಎಂದರು ಶಾಂತಕುಮಾರಿ.

ಓಬಮ್ಮ ಎದ್ದು ಬಂದಳು. "ಅತ್ತ ಸರಿಯಪ್ಪಾ. ನಮ್ಮ ಕುರಿ ಕಿವ್ಯಾಗ ಬಿಲ್ಲೆ ಇರ್ತೈತಲ್ಲ, ಅದ್ರಾಗೂ ಹನ್ನೆರಡ ಅಂಕಿ. ಓಡೋ ಕುರೀದ ಓದ್ತೀನಿ. ಇದು ನಿಂತೈತಿ."

ಕುಕ್ಕರುಗಾಲಲ್ಲಿ ಕೂತು ಕತ್ತು ಹೊರಳಿಸಿದಳು. ಅಂಕಿಗಳನ್ನು ಸರಾಗ ಹೇಳಿದಳು. ಇಂಗ್ಲಿಷ್ ಅಕ್ಷರ ಬಂದಾಗ ಅದರ ಆಕಾರ ಹೇಳಿದಳು. ಒಂಬತ್ತನೆಯದರ ಹತ್ತಿರ ತಡೆದಳು.

"ಇದು ಎಂಟು. ಆದ್ರ ಬೆನ್ನು ನೆಟ್ಟಗೈತಿ."

"ಬಿ," ಎಂದ ಯೋಗೀಶ ಫೋನಿನೊಳಗಿಂದ. "ಮೂರು ಸಲಾನೂ ನೀವು ಎಂಟು ಅಂದ್ರಿ ಸಾರ್. ಈಗ ಒತ್ತಿ."

ಯರ್ರಿಸ್ವಾಮಿ ಹದಿಮೂರನೇ ಸಲ ಹಸಿರು ಗುಂಡಿ ಒತ್ತಿದ. ಯಂತ್ರ ಗುರ್ ಎಂದಿತು. ಪರದೆಯ ಮೇಲೆ 'ಕಳುಹಿಸಲಾಗಿದೆ' ಎಂದು ಬಂತು. ನಾಲ್ಕು ಮುಕ್ಕಾಲು.

ಅವನಿಗೆ ಅಳು ಬಂದಂತಾಯಿತು. ಶಾಂತಕುಮಾರಿ ತೋಳು ತಿಕ್ಕಿಕೊಳ್ಳುತ್ತ ನಕ್ಕರು. "ನಿಮ್ಮ ಕಾಗದ ಇಡ್ರಿ ಅವ್ವಾ, ಹಸಿರು ಗುಂಡಿ ಒತ್ರಿ," ಎಂದು ಓಬಮ್ಮನಿಗೆ ಹೇಳಿ ಯರ್ರಿಸ್ವಾಮಿ ವರಾಂಡಕ್ಕೆ ಓಡಿದ. ಮೊದಲು ಗೋವರ್ಧನನಿಗೆ ಫೋನು ಮಾಡಿದ.

"ಹೋಯ್ತೇನಣ್ಣಾ?" ಎಂದ ಗೋವರ್ಧನ. "ಬೆಳಿಗ್ಗೆಯಿಂದ ಒಂದು ತುತ್ತೂ ಇಳಿದಿಲ್ಲ ನಂಗೆ."

"ಹೋತಪ್ಪಾ. ಇನ್ನು ಉಣ್ಣು."

ಆಮೇಲೆ ಮಮತಾಗೆ ಮಾಡಿದ. ಅವಳು ಡ್ಯೂಟಿಯಲ್ಲಿದ್ದಳು, ಎತ್ತಲಿಲ್ಲ. ಒಳಗೆ ಬಂದ. ಓಬಮ್ಮ ತನ್ನ ಕಾಗದವನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು.

"ಒತ್ತಿದೆ ತಮ್ಮಾ. ಬೆಳಕು ಬಂತು. ಕಾಗದ ಎಲ್ಲಿಂದ ಹಾಕ್ಬೇಕು ಈಗ?"

ಮುಚ್ಚಳ ಎತ್ತಿದರೆ ಅವನ ಅರ್ಜಿಯೇ ಇನ್ನೂ ಗಾಜಿನ ಮೇಲಿತ್ತು. ಯರ್ರಿಸ್ವಾಮಿ ನಕ್ಕ. "ಪರವಾಗಿಲ್ರಿ. ಇನ್ನೊಂದು ಪ್ರತಿ ಹೋದ್ರ ಮತ್ತಷ್ಟು ಗಟ್ಟಿ ಆತು." ಅವಳ ಕಾಗದ ತಾನೇ ಇಟ್ಟು ಕಳಿಸಿದ. ಅದು ಒಂದೇ ಸಲಕ್ಕೆ ಹೋಯಿತು.

ಐದೂ ಹತ್ತಕ್ಕೆ ಫೋನಿಗೆ ಸಂದೇಶ ಬಂತು. 'ಯರ್ರಿಸ್ವಾಮಿ. ವರ್ಗಾವಣೆ ಪೂರ್ಣಗೊಂಡಿದೆ. ಕೆಲಸದ ಸ್ಥಳ: ರಾಯದುರ್ಗ.'

ಮೂರು ಸಲ ಓದಿದ. ಯೋಗೀಶನಿಗೆ ಫೋನು ಮಾಡಿದಾಗ ಯರ್ರಿಸ್ವಾಮಿಯ ದನಿ ಬೆಳಗಿನ ಸ್ಕ್ಯಾನರಿನಂತೆ ಗುರ್ ಎನ್ನುತ್ತಿತ್ತು.

"ತಾಳಿ ಸಾರ್, ನೋಡ್ತೀನಿ," ಎಂದ ಯೋಗೀಶ. ಕೀಲಿಮಣೆಯ ಸದ್ದು ಕೇಳಿತು. "ಸಾರ್, ನೀವು ಬೆಳಿಗ್ಗೆಯಿಂದ ಒತ್ತಿದ್ದನ್ನೆಲ್ಲ ಆ ಯಂತ್ರ ಹೊಟ್ಟೇಲಿ ಇಟ್ಕೊಂಡೈತೆ. ದಾರಿ ಬಿಟ್ಟ ಕೂಡ್ಲೆ ಎಲ್ಲಾ ಒಟ್ಟಿಗೆ ಕಳ್ಸೈತೆ. ಇಲ್ಲಿ ಅರ್ಜಿ ಓದೋದು ಕಂಪ್ಯೂಟರು. ಒಂದು ಅರ್ಜಿಗೆ ನಿಮ್ಮಿಬ್ಬರನ್ನ ಅದಲುಬದಲು ಮಾಡ್ತು. ಎರಡನೇದಕ್ಕೆ ವಾಪಸ್ ಮಾಡ್ತು. ಹಂಗೇ ಮಾಡ್ಕೊಂಡು ಹೋಗೈತೆ."

"ಎಷ್ಟು ಅರ್ಜಿ ಬಂದಾವ್ರೀ?"

"ಹದಿನಾಲ್ಕು. ಹದಿಮೂರಕ್ಕೆ ನಿಂತಿದ್ರೆ ನೀವು ಮಡಕಶಿರಾದಲ್ಲಿ ಇರ್ತಿದ್ರಿ."

"ಇನ್ನೊಂದು ಕಳಿಸ್ಲೇನ್ರಿ?"

"ಐದಕ್ಕೆ ಮುಚ್ಚೋಯ್ತು ಸಾರ್. ಮುಂದಿನ ವರ್ಷ."

ಹೊರಗೆ ಗುಮ್ಮಘಟ್ಟದ ಆಟೋ ಬಂದು ನಿಂತಿತ್ತು. ಹತ್ತಲು ಹೋದ ಓಬಮ್ಮ ತಿರುಗಿ ಬಂದು ಕಿಟಕಿಯ ಸರಳು ಹಿಡಿದಳು.

"ತಮ್ಮಾ, ನೀನು ಬ್ಯಾರೆ ಊರಿಗೆ ಹೊಂಟೀಯಂತಲ್ಲ. ಹೋಗಬ್ಯಾಡಪ್ಪಾ. ನಿನ್ನಂಗ ಕೆಲಸ ಮಾಡಿಕೊಡೋರು ಸಿಗಂಗಿಲ್ಲ. ದೇವ್ರು ನಿನ್ನ ಇಲ್ಲೇ ಇಟ್ಟಿರ್ಲಿ."

ಯರ್ರಿಸ್ವಾಮಿಯ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಮಮತಾ ಡ್ಯೂಟಿ ಮುಗಿಸಿ ತಿರುಗಿ ಮಾಡುತ್ತಿದ್ದಳು. ಅವನು ಎತ್ತದೆ, ಅದು ತಾನಾಗಿ ನಿಲ್ಲಲಿ ಎಂದು ಕಾದ. ನಿಂತಿತು. ಮತ್ತೆ ಶುರುವಾಯಿತು.