ಇಪ್ಪತ್ತನಾಲ್ಕು ಪರದೆಯ ನಿಶ್ಚಿತಾರ್ಥ

ಮಳವಳ್ಳಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ನನ್ನ ಉಸ್ತುವಾರಿಯಲ್ಲಿದೆ. ಮದುವೆ, ಗೃಹಪ್ರವೇಶ, ತಿಥಿ ಎಲ್ಲಿಗೆ ಹೋದರೂ ಇದನ್ನು ಕೇಳದವರಿಗೂ ಹೇಳುತ್ತಿದ್ದೆ. ಈಗ ಕೇಳಿದವರಿಗೂ ಹೇಳುವುದಿಲ್ಲ.

ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ಪರದೆಗಳಿವೆ. ಪ್ರತಿಯೊಂದರ ಹಿಂದೆ ಊಟದ ಡಬ್ಬಿಯಷ್ಟು ಪೆಟ್ಟಿಗೆ. ಥಿನ್ ಕ್ಲೈಂಟ್ ಎಂದು ಅದರ ಹೆಸರು. ಒಳಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪಕ್ಕದ ಕೋಣೆಯಲ್ಲಿ ಸರ್ವರ್ ಎಂಬ ದೊಡ್ಡ ಯಂತ್ರವಿದೆ. ಅಡುಗೆಯೆಲ್ಲ ಅದರದ್ದು, ಈ ಪೆಟ್ಟಿಗೆಗಳು ಬರೀ ಬಡಿಸುತ್ತವೆ.

ನನ್ನ ಮಗಳು ಸೌಮ್ಯಳ ನಿಶ್ಚಿತಾರ್ಥ ವೈದ್ಯನಾಥಪುರದಲ್ಲಿ ಆಯಿತು. ಹುಡುಗನ ಕಡೆಯವರು ಸೋಮನಹಳ್ಳಿಯವರು. ಹುಡುಗನ ಅಜ್ಜಿ ನಿಂಗಮ್ಮನವರು ಮಾತ್ರ ಮಂಡಿ ಆಪರೇಷನ್ ಆಗಿದ್ದರಿಂದ ಬಂದಿರಲಿಲ್ಲ. ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಕುಕ್ಕರೂ ಕೂಗುವುದಿಲ್ಲ. ಉಂಗುರ ತೊಡಿಸಿದ್ದನ್ನು ಕಣ್ಣಾರೆ ನೋಡಬೇಕು, ಹುಡುಗಿಯನ್ನೂ ನೋಡಬೇಕು, ಆಮೇಲೆಯೇ ಮದುವೆಯ ದಿನ ಗೊತ್ತು ಮಾಡುವುದು ಎಂದು ಹೇಳಿ ಕಳಿಸಿದ್ದರು.

"ಅಜ್ಜೀನ ಸೀದಾ ಮನೆಗೇ ಕರ್ಕಬನ್ನಿ. ನಿಶ್ಚಿತಾರ್ಥದ್ ವಿಡಿಯೋನ ಮೊಬೈಲಲ್ಲೇ ತೋರ್ಸಾನ," ಎಂದಳು ನನ್ನ ಹೆಂಡತಿ ಜಯಮ್ಮ.

ನಾನು ನಕ್ಕುಬಿಟ್ಟೆ. ಅಜ್ಜಿಯ ಜೊತೆ ಬರುವವರು ಒಂದು ಡಜನ್ ಬೀಗರು. ಒಬ್ಬರು ಮೊಬೈಲು ಹಿಡಿದು ನೋಡುವಾಗ ಉಳಿದವರು ಕತ್ತು ಉದ್ದ ಮಾಡಬೇಕೇ? ಅದು ಪಂಕ್ತಿಭೇದ! ಬೀಗರ ಊಟದಲ್ಲಿ ಒಂದು ಎಲೆಗೆ ಒಂದು ತುಂಡು ಕಡಿಮೆ ಬಿದ್ದರೂ ಮೂರು ತಲೆಮಾರು ಆಡಿಕೊಳ್ಳುವ ಸೀಮೆ ನಮ್ಮದು. ಆದ್ದರಿಂದ ಲ್ಯಾಬಿನಲ್ಲೇ ತಲೆಗೊಂದು ಪರದೆ ಎಂದು ತೀರ್ಮಾನಿಸಿದೆ. ಪ್ರಿನ್ಸಿಪಾಲರ ಅನುಮತಿ ಪಡೆದೆ. ಶನಿವಾರ ಒಂದು ಪರದೆಯಲ್ಲಿ ಓಡಿಸಿ ನೋಡಿದೆ. ನೀರು ಹರಿದಂತೆ ಓಡಿತು. ಒಂದು ಓಡಿದ ಮೇಲೆ ಇಪ್ಪತ್ತನಾಲ್ಕೂ ಓಡಲೇಬೇಕಲ್ಲ!

ಭಾನುವಾರ ಬೀಗರನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ನಮ್ಮವರು ಹಿಂದೆ. ನಾನು ಚಪ್ಪಾಳೆ ತಟ್ಟಿದೆ. ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದರು.

ಮೊದಲು ವಾಲಗ ಕೇಳಿಸಿತು. ಊದುವವರು ಕಾಣಿಸಲಿಲ್ಲ. ಅವರು ಕಾಣಿಸುವ ಹೊತ್ತಿಗೆ ಪುರೋಹಿತರ ಮಂತ್ರ ಶುರುವಾಗಿತ್ತು. ವಾಲಗದವರೇ ಮಂತ್ರ ಹೇಳುತ್ತಿದ್ದಾರೇನೋ ಎಂದು ನಾನು ಕಣ್ಣುಜ್ಜಿಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನನ್ನ ಭಾವಮೈದ "ಉಂಗುರ ತೊಡ್ಸುದ್ರು!" ಎಂದು ಚಪ್ಪಾಳೆ ತಟ್ಟಿದ.

ಹುಡುಗನ ತಂದೆ ಚನ್ನೇಗೌಡರು ತಮ್ಮ ಪರದೆ ನೋಡಿದರು, ನನ್ನನ್ನೂ ನೋಡಿದರು. "ಬೀಗ್ರೇ, ನನ್ ಮಗ ಇನ್ನೂ ಕಾರಿಂದ ಇಳ್ದೇ ಇಲ್ಲ. ನಿಮ್ ಕಡೆಯವ್ರಿಗೆ ಉಂಗ್ರ ಯಾರ್ ತೊಡ್ಸುದ್ರು?"

ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದ್ದೆನೋ ಆ ಪಂಕ್ತಿಭೇದವೇ ಕಣ್ಣೆದುರು ನಡೆದಿತ್ತು! ಎಲ್ಲರನ್ನೂ ಸಮ ಮಾಡೋಣವೆಂದು ಮುಂದೆ ಹೋದವರ ಚಿತ್ರ ನಿಲ್ಲಿಸುತ್ತಾ ಬಂದೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಹಿಂದಿದ್ದವರು ಮುಂದಾಗಿದ್ದರು. ಯಾರನ್ನು ನಿಲ್ಲಿಸಿದೆ, ಯಾರನ್ನು ಓಡಿಸಿದೆ ಎಂಬುದೇ ಮರೆತುಹೋಯಿತು.

ಸರ್ವರ್ ಕೂರಿಸಿದ್ದ ಇಂಜಿನಿಯರಿಗೆ ಫೋನು ಮಾಡಿದೆ. ಇವು ಅಕ್ಷರ ಟೈಪಿಸಲು ತಂದ ಪೆಟ್ಟಿಗೆಗಳು, ಇಷ್ಟು ಜನ ಒಟ್ಟಿಗೆ ವಿಡಿಯೋ ನೋಡಿದರೆ ಸರ್ವರ್ ಏದುಸಿರು ಬಿಡುತ್ತದೆ, ಅದಕ್ಕೇ ಚಿತ್ರದ ಕೆಲಸ ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡು ಹಾಕಿಸಿ ಎಂದು ಪತ್ರ ಬರೆದಿದ್ದೆ ಎಂದರು. ಆ ಪತ್ರದ ಮೇಲೆ "ಕಾಲೇಜಿಗೆ ಚಿತ್ರ ಅನಗತ್ಯ, ಪಾಠ ಸಾಕು" ಎಂದು ಬರೆದು ಸಹಿ ಹಾಕಿದ್ದ ಮಹಾನುಭಾವ ನಾನೇ! ಸದ್ಯಕ್ಕೆ ಚಿತ್ರದ ಗುಣಮಟ್ಟ ಇಳಿಸಿ, ಹೊರೆ ತಗ್ಗುತ್ತದೆ ಎಂದರು ಅವರು.

ಇಳಿಸಿದೆ. ಸ್ವಲ್ಪ ಇಳಿಸಿದ್ದರೆ ಸಾಕಿತ್ತೇನೋ. ನಾನು ತಳ ಮುಟ್ಟಿಸಿದೆ. ಚಿತ್ರ ಓಡತೊಡಗಿತು. ಸರಿಯಾಗಿ ಆಗಲೇ ಅಜ್ಜಿಯ ಪರದೆಗೆ ಸೌಮ್ಯ ಬಂದಳು. ಬಂದವಳು ಅಲ್ಲೇ ನಿಂತಳು. ಮೂಗಿದ್ದ ಕಡೆ ಒಂದು ಕಂದು ಚೌಕ, ಕೆನ್ನೆಯ ಮೇಲೆ ಎರಡು ಹಸಿರು ಚೌಕ.

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಲೇ ಚನ್ನ, ಉಡ್ಗಿ ಮೊಕದ್ ಮ್ಯಾಲೆ ಏನ್ಲಾ ಅದು?"

ಚನ್ನೇಗೌಡರು ನನ್ನ ಕಡೆ ನೋಡಲೇ ಇಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೂಡಿಬಂದ ಸಂಬಂಧ ನನ್ನ ಕೈಯಿಂದಲೇ ಮುರಿದು ಬೀಳುತ್ತದೆ, ಮಗಳಿಗೆ ಏನೆಂದು ಹೇಳಲಿ? ಅಜ್ಜೀ, ಅದು ಮುಖದ್ದಲ್ಲ, ಸರ್ವರ್‌ದು ಎಂದೆ. ಹುಡುಗಿಯ ಹೆಸರು ಸೌಮ್ಯ ಅಲ್ಲವಾ, ಸರ್ವರ್ ಯಾರು ಎಂದು ಅಜ್ಜಿ ಕೇಳಿದರು. ನಾನು ಪಕ್ಕದ ಕೋಣೆಯ ಕಡೆ ಕೈ ತೋರಿಸಿದೆ.

"ಅದಿರ್ಲಿ, ಉಡ್ಗಿ ಈಗ ಎಲ್ಲವ್ಳೆ?" ಎಂದರು ಅಜ್ಜಿ.

"ಮನೇಲಿ, ಅಡ್ಗೆ ಮಾಡ್ತಾ ಅವ್ಳೆ."

"ಮನೆ ಎಲ್ಲದೆ?"

"ಮೂರನೇ ಬೀದಿ."

ಅಜ್ಜಿ ಕೋಲೂರಿ ಎದ್ದರು. ಹಿಂದೆಯೇ ಬೀಗರೆಲ್ಲ ಎದ್ದರು. ನಮ್ಮವರೂ ಎದ್ದರು.

ಪರದೆಗಳನ್ನೆಲ್ಲ ಆರಿಸಿ, ಬಾಗಿಲಿಗೆ ಬೀಗ ಹಾಕಿ ನಾನು ಮನೆ ಸೇರುವ ಹೊತ್ತಿಗೆ ಅಜ್ಜಿ ಸೌಮ್ಯಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಮಡಿಲಲ್ಲಿ ಜಯಮ್ಮನ ಮೊಬೈಲಿತ್ತು. ಅದರಲ್ಲಿ ಉಂಗುರ ತೊಡಿಸಿ ಮುಗಿದಿತ್ತು. ಬೀಗರೆಲ್ಲ ಅಜ್ಜಿಯ ಹೆಗಲ ಮೇಲಿಂದ ಕತ್ತು ಉದ್ದ ಮಾಡಿ ನಗುತ್ತಾ ನೋಡಿದ್ದರಂತೆ. ಪಂಕ್ತಿಭೇದವೆಂದು ಒಬ್ಬರೂ ಅನ್ನಲಿಲ್ಲವಂತೆ.

"ಉಡ್ಗಿ ಚಂದಾಗವ್ಳೆ. ಮುಂದಿನ್ ತಿಂಗ್ಳೇ ಮಾಡ್ಬುಡಿ," ಎಂದರು ಅಜ್ಜಿ. ನನಗೆ ಹೋದ ಜೀವ ಬಂದಂತಾಯಿತು.

ಆ ಖುಷಿಯಲ್ಲಿ ಛತ್ರಕ್ಕೊಂದು ದೊಡ್ಡ ಪರದೆಯ ವ್ಯವಸ್ಥೆ ನಾನೇ ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ. ಚನ್ನೇಗೌಡರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಬೀಗ್ರೇ, ಈ ಕೈಲಿ ಧಾರೆ ಒಂದ್ ಎರ್ದುಬುಡಿ, ಸಾಕು. ಇನ್ನೇನೂ ಮುಟ್ಬೇಡಿ."