ಗೋಡೆ ಕೇಳಿತು, ಎರಡೋ ಮೂರೋ?

ಮೊದಲು ಸಿಹಿ ಸುದ್ದಿ, ಮಿಕ್ಕಿದ್ದೆಲ್ಲ ಆಮೇಲೆ. ನಮ್ಮ ಮನೆಯ ಗೋಡೆ ಮಾತಾಡಿತು! ಅದೂ ಕನ್ನಡದಲ್ಲಿ! ಅದರ ಮಾತಿಗೆ ನಮ್ಮ ಯಜಮಾನರು ಜಗಲಿ ಬಿಟ್ಟು ಎದ್ದು ಬಂದು ನಮ್ಮೆಲ್ಲರ ಜೊತೆ ಕೂತು ಉಂಡರು. ಗೋಡೆಗೆ ಮಾತು ಕಲಿಸಿದ ಕಂಪ್ಯೂಟರ್ ಪ್ರೋಗ್ರಾಂ ಬರೆದವರು ಇಬ್ಬರು. ಒಬ್ಬಳು ನನ್ನ ಮೊಮ್ಮಗಳು ಚಂದನ, ಕೊಳ್ಳೇಗಾಲದಲ್ಲಿ ಡಿಪ್ಲೊಮಾ ಓದುತ್ತಾಳೆ. ಇನ್ನೊಬ್ಬಳು ನಾನು. ಅವಳ ಓದು ಇನ್ನೂ ಮುಗಿದಿಲ್ಲ. ನನ್ನದು ಮುಳ್ಳೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೇ ಮುಗಿದಿದೆ!

ಯಜಮಾನರ ಕಿವಿ ಈಚೆಗೆ ಪೂರ್ತಿ ಮುಷ್ಕರ ಹೂಡಿದೆ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ, ಇದರಲ್ಲಿ ಎಮ್ಮೆ ಮೆಲುಕು ಹಾಕುವುದೂ ಕೇಳುತ್ತದೆ, ನಿಮ್ಮ ಮಾತು ಮಾತ್ರ ಕೇಳುವುದಿಲ್ಲ ಎಂದು ತೆಗೆದು ಗೂಡಿನಲ್ಲಿಟ್ಟರು. ನನ್ನ ಸಂಕಟ ಅದಲ್ಲ. ಊಟದ ಹೊತ್ತಿನಲ್ಲಿ ನಾವೆಲ್ಲ ಏನೋ ಮಾತಾಡಿ ನಗುತ್ತೇವೆ, ಅವರು ಒಬ್ಬೊಬ್ಬರ ಮುಖ ನೋಡುತ್ತಾರೆ. ಒಂದು ದಿನ ಸುಮ್ಮನೆ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದರು. ಅಂದಿನಿಂದ ಅವರ ಊಟ ಅಲ್ಲೇ. ಕೈಸನ್ನೆ ಮಾಡಿ ಕರೆದರೆ, "ನಾನೇನ್ ಕರುವಾ, ಕೈ ಬೀಸಿ ಕರ್ಯಕ್ಕೆ" ಎನ್ನುತ್ತಾರೆ.

ಅಜ್ಜನನ್ನು ಒಳಗೆ ತರುವ ಪಣ ತೊಟ್ಟವಳು ಚಂದನ. ಜಗಲಿಯಲ್ಲಿ ಅವರ ಕುರ್ಚಿಯ ಎದುರಿನ ಗೋಡೆಗೆ ಕೆಂಪು ದೀಪದ ಅಕ್ಷರ ಓಡುವ ಒಂದು ಬೋರ್ಡ್ ತೂಗುಹಾಕಿದಳು. ಯಳಂದೂರಿನ ಯಾವುದೋ ಟೈಪಿಂಗ್ ಅಂಗಡಿಯವರು ಎಸೆಯಲಿಟ್ಟಿದ್ದ ಹಳೆ ಕಂಪ್ಯೂಟರನ್ನು ನಡುಮನೆಯಲ್ಲಿ ಇಟ್ಟಳು. ಕಿಟಕಿಯಲ್ಲಿ ವೈರು ತೂರಿಸಿ ಎರಡನ್ನೂ ಜೋಡಿಸಿದಳು. ಕಂಪ್ಯೂಟರಿನ ಬೆನ್ನಿನಲ್ಲಿ ಒಂದು ತೂತಿದೆ, ಹೊಸ ಕಂಪ್ಯೂಟರುಗಳಲ್ಲಿ ಅದು ಇಲ್ಲವಂತೆ. ಅಕ್ಷರಗಳು ಅದರಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವಂತೆ. ಹೆಸರು ಸೀರಿಯಲ್ ಪೋರ್ಟ್. ಸೀರಿಯಲ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಿನಾ ಸಂಜೆ ನೋಡುತ್ತೇನೆ. ಅಲ್ಲೂ ಒಂದು ಕಂತು ಹೋದ ಮೇಲೇ ಇನ್ನೊಂದು!

ಯಜಮಾನರು ಬೋರ್ಡ್ ನೋಡಿ, "ಊರಬ್ಬ ಇನ್ನೂ ದೂರ ಅದೆ, ಈಗ್ಲೇ ಸೀರಿಯಲ್ ಸೆಟ್ ಕಟ್ಟಿದ್ದೀರಲ್ಲ" ಎಂದರು. ಚಂದನ ಮೊದಲ ದಿನ ಇಂಗ್ಲಿಷ್ ಅಕ್ಷರದಲ್ಲಿ ಊಟ ಎಂದು ಕಳಿಸಿದಳು. ಅವರು ಕನ್ನಡಕ ಏರಿಸಿ ನೋಡಿ ಇಳಿಸಿದರು.

"ಕನ್ನಡದಲ್ಲಿ ಕರುದ್ರೆ ಒಳಿಕ್ಕೆ ಬತ್ತೀನಿ. ಇಲ್ದಿದ್ರೆ ಇದ್ನ ಇಳ್ಸಿ ತಿಪ್ಪೆಗೆ ಆಕಿ."

ನಮ್ಮ ಕಡೆ ಮಾತಾಡುವಾಗ 'ಹ' ಅಕ್ಷರವನ್ನು ಯಾರೂ ಖರ್ಚು ಮಾಡುವುದಿಲ್ಲ. ಬರೆಯುವಾಗ ಮಾತ್ರ ಹೊರಗೆ ತೆಗೆಯುತ್ತೇವೆ.

ಹನೂರಿನಿಂದ ಮಗಳು ಅಳಿಯ ಊಟಕ್ಕೆ ಬರುವ ದಿನಕ್ಕೆ ಗಡುವು ಇಟ್ಟುಕೊಂಡೆವು. ಚಂದನ ಬೋರ್ಡಿನ ಹೊಟ್ಟೆಗೆ ಕನ್ನಡ ಅಕ್ಷರ ತುಂಬಿಸಿದಳು. ಕೀಲಿಮಣೆಯ ಮೇಲೆ ಕನ್ನಡದ ಚೀಟಿ ಅಂಟಿಸಿದಳು. ಪ್ರೋಗ್ರಾಮಿನಲ್ಲಿ ಚುಕ್ಕಿ, ಆವರಣ, ಗೀಟು ತುಂಬಿದ ಸಾಲುಗಳನ್ನೆಲ್ಲ ಅವಳು ಬರೆದಳು. ಅರ್ಥವಿದ್ದ ಒಂದೇ ಸಾಲನ್ನು, ಅಂದರೆ ಗೋಡೆ ಏನು ಹೇಳಬೇಕೋ ಅದನ್ನು, ನಾನು ಬರೆದೆ. ಆ ದಿನ ಬೆಳಗ್ಗೆ ಎಲ್ಲ ಸಜ್ಜು ಮಾಡಿ, ಯಾವುದನ್ನೂ ಮುಟ್ಟಬೇಡ ಎಂದು ನನಗೆ ಹೇಳಿ ಕಾಲೇಜಿಗೆ ಹೋದಳು.

ನಾನು ಮುಟ್ಟಲಿಲ್ಲ. ಒರೆಸಿದೆ ಅಷ್ಟೆ. ಒರೆಸುವಾಗ ಹಿಂದಿನ ಪ್ಲಗ್ಗು ತಾನಾಗಿಯೇ ಕಳಚಿಕೊಂಡಿತು! ಮತ್ತೆ ಸಿಕ್ಕಿಸಿದೆ. ಪರದೆ ಎದ್ದು ಕೂತು ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಕೇಳಿತು. ಚಂದನಳಿಗೆ ಫೋನು ಮಾಡಿದೆ. ಅವಳು ಬಸ್ಸಿನಲ್ಲಿದ್ದಳು, ಪಕ್ಕದಲ್ಲಿ ಯಾರದೋ ಕೋಳಿ ಕೂಗುತ್ತಿತ್ತು.

"ಏನ್ ಕೇಳ್ತಾ ಅದೆ ಅಂತ ಏಳು. ಏಳಜ್ಜಿ. ಏಳ್ಬುಟ್ಟು ಎಂಟರ್ ಒತ್ತು."

ಇದಕ್ಕಿಂತ ಸ್ಪಷ್ಟವಾಗಿ ಯಾವ ಮೇಷ್ಟ್ರೂ ಹೇಳಿಕೊಟ್ಟಾರು ಎಂದು ನನಗನಿಸುವುದಿಲ್ಲ. ಏಳು ಒತ್ತಿದೆ. ಎಂಟರ್ ಒತ್ತಿದೆ. ಕಂಪ್ಯೂಟರ್ ಎದುರಾಡದೆ ಒಪ್ಪಿಕೊಂಡಿತು. ಫೋನು ಇಟ್ಟೆ.

ಸಂಜೆ ಮಗಳು ಅಳಿಯ ಬಂದರು, ಮಗನೂ ಮನೆ ಸೇರಿದ. ಸೊಸೆ ಸುಧಾ ಮುದ್ದೆಗೆ ಎಸರಿಟ್ಟಿದ್ದಳು. ಚಂದನ ಬರುವುದರೊಳಗೆ ಗೋಡೆ ಮಾತಾಡಲಿ, ಅವಳು ಬಾಗಿಲಲ್ಲೇ ಬೆರಗಾಗಿ ನಿಲ್ಲಲಿ ಎಂದುಕೊಂಡು ನನ್ನ ಸಾಲನ್ನು ಕಳಿಸಿಯೇಬಿಟ್ಟೆ. 'ಊಟಕ್ಕೆ ಬನ್ನಿ.'

ಬೋರ್ಡಿನಲ್ಲಿ ಒಂದು ಸಣ್ಣ ಕೊಕ್ಕೆ ಬಂತು, ಆಮೇಲೆ ಎರಡು. ಇನ್ನೊಂದು ಕೊಕ್ಕೆ, ಮತ್ತೆ ಎರಡು. ಇನ್ನೊಂದು ಕೊಕ್ಕೆ, ಮೂರು. ಹೀಗೇ ಎರಡು ಮೂರು, ಎರಡು ಮೂರು ಎಂದು ಸಾಲು ಹೊರಟಿತು. ಕೊನೆಗೆ ಒಂದು ಪ್ರಶ್ನೆ ಚಿಹ್ನೆ! ಕನ್ನಡದ ಒಂದು ಅಕ್ಷರವೂ ಇಲ್ಲ!

ಯಜಮಾನರು ಮುಂದಕ್ಕೆ ಬಾಗಿ ಅದನ್ನು ಪೂರ್ತಿ ಓದಿದರು. ನಂತರ ಕಿಟಕಿಗೆ ಮುಖ ಮಾಡಿ, "ಎರಡೋ ಮೂರೋ ಅಂತ ಕೇಳ್ತಾ ಅದೆ. ಎರಡು ಮುದ್ದೆ ಸಾಕು. ಇಲ್ಲಿಗೇ ತಂದ್ಕೊಡು" ಎಂದರು.

ಗೋಡೆ ಕೇಳಿತು, ಇವರು ಉತ್ತರ ಕೊಟ್ಟರು. ಇಡೀ ಮನೆಯಲ್ಲಿ ಅವರು ಸರಿಯಾಗಿ ಉತ್ತರ ಕೊಟ್ಟಿದ್ದು ಗೋಡೆಗೆ ಮಾತ್ರ! ಆದರೆ ನಮಗೆ ಬೇಕಾದದ್ದು ಅದಲ್ಲವಲ್ಲ.

ತಪ್ಪು ವೈರಿನದು ಎಂದು ತೀರ್ಮಾನಿಸಿದೆ. ಒಂದರ ಬಾಯಿಯ ವೈರು ಇನ್ನೊಂದರ ಕಿವಿಗೆ ಹೋಗಬೇಕು ಎಂದು ಚಂದನ ಹೇಳಿದ್ದಳು. ಬೋರ್ಡಿನ ಬಳಿ ಎರಡು ವೈರು ಕತ್ತರಿ ಹಾಕಿಕೊಂಡಿದ್ದವು. ನೋಡಲು ಚೆನ್ನಾಗಿರಲೆಂದು ಬಿಚ್ಚಿ ನೆಟ್ಟಗೆ ಮಾಡಿದೆ. ಬೋರ್ಡ್ ಕಪ್ಪಾಯಿತು! ಬಾಯಿಗೆ ಬಾಯಿ ಕೊಟ್ಟುಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಅದರಿಂದ ಯಾವತ್ತೂ ಒಳ್ಳೆಯದಾಗಿಲ್ಲ. ತಿರುಗಿ ಕತ್ತರಿ ಹಾಕಿದೆ. ಈ ಸಲ ವಿಷಯ ಬಿಡಿಸಿ ಹೇಳೋಣವೆಂದು ಉದ್ದಕ್ಕೆ ಬರೆದೆ. 'ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ, ದಯವಿಟ್ಟು ಒಳಗೆ ಬನ್ನಿ.' ಬೋರ್ಡಿನ ಈ ತುದಿಯಿಂದ ಆ ತುದಿವರೆಗೆ ಎರಡು, ಎರಡು, ಮೂರು!

ಯಜಮಾನರು ಗಾಬರಿಯಾದರು. ಕಿವಿ ಕೇಳದವರ ಗಂಟಲು ನಿಮಗೆ ಗೊತ್ತೇ ಇದೆ. "ಇನ್ನೂರಿಪ್ಪತ್ಮೂರು ಜನಾನಾ? ಯಾರ್ನ ಕರ್ದಿದ್ದೀರಿ ಊಟುಕ್ಕೆ?" ಎಂದು ಅವರು ಕೇಳಿದ್ದು ನಮ್ಮನ್ನು. ಕೇಳಿಸಿಕೊಂಡಿದ್ದು ಇಡೀ ಬೀದಿ.

ಪಕ್ಕದ ಮನೆಯ ರತ್ನಮ್ಮ ದೊಡ್ಡ ಕೊಪ್ಪರಿಗೆ ಹೊತ್ತು ಬಂದಳು. "ಏನಕ್ಕ, ಏಳ್ದೆ ಕೇಳ್ದೆ ಊರಿಗೇ ಊಟ ಆಕ್ತಿದ್ದೀಯಂತೆ" ಎಂದಳು. ಸುಧಾ ಸೌಟು ಹಿಡಿದು ನನ್ನ ಮುಖ ನೋಡಿದಳು. ನಾನು ಕಂಪ್ಯೂಟರಿನ ಮುಖ ನೋಡಿದೆ.

ಅಷ್ಟರಲ್ಲಿ ಚಂದನ ಬಸ್ಸಿಳಿದು ಬಂದಳು. ಬಾಗಿಲಲ್ಲಿ ಬೆರಗಾಗಿ ನಿಂತಳು, ಅದೊಂದು ನಾನೆಣಿಸಿದಂತೆಯೇ ಆಯಿತು! ಪರದೆ ನೋಡಿದಳು.

"ಇಲ್ಲಿ ಏಳು ಒತ್ತಿದ್ದು ಯಾರು?"

"ನಾನೇ. ನೀನೇ ತಾನೇ ಪೋನಲ್ಲಿ ಏಳು ಅಂದೆ."

"ನಾನು ಏಳು ಅಂದದ್ದು ಏಳು ಅಂತಲ್ಲ ಕಣಜ್ಜಿ. ಏಳು ಅಂತ."

"ಅದ್ನೇ ಒತ್ತಿವ್ನಿ."

ರತ್ನಮ್ಮ ಕೊಪ್ಪರಿಗೆ ಇಳಿಸಿ, "ಇಬ್ರೂ ಒಂದ್ನೇ ಏಳ್ತಾವ್ರೆ, ಜಗಳ ಯಾತಕ್ಕೆ" ಎಂದು ಕೇಳಿದಳು.

ಚಂದನ ಉಸಿರೆಳೆದುಕೊಂಡು ಹೊಟ್ಟೆಯಾಳದಿಂದ, "ಹೇಳು! ಬಾಯಲ್ಲಿ ಹೇಳು!" ಎಂದಳು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ 'ಹ' ಕೇಳಿ ಒಲೆಯ ಪಕ್ಕದ ಬೆಕ್ಕು ಎದ್ದು ಹೋಯಿತು.

ಆಮೇಲೆ ಸಮಾಧಾನವಾಗಿ ತಿಳಿಸಿಕೊಟ್ಟಳು. ಬೆಳಗ್ಗೆ ಕಂಪ್ಯೂಟರ್ ಕೇಳಿದ್ದು, ಒಂದೊಂದು ಅಕ್ಷರಕ್ಕೆ ಎಷ್ಟು ಬಿಟ್, ಅಂದರೆ ಎಷ್ಟು ಮಣೆ ಹಾಕಲಿ ಎಂದಂತೆ. ಇಂಗ್ಲಿಷ್ ಅಕ್ಷರಕ್ಕೆ ಏಳು ಮಣೆ ಹಾಕಿದರೆ ಸಾಕು, ಕೂತುಕೊಳ್ಳುತ್ತದೆ. ಕನ್ನಡಕ್ಕೆ ಎಂಟು ಬೇಕು. ನಾನು ಏಳೇ ಹಾಕಿ, ಎಂಟನೆಯವರನ್ನು ಹೊರಗೆ ನಿಲ್ಲಿಸಿದ್ದೆ. ಅವರಿಲ್ಲದೆ ಅಕ್ಷರವೆಲ್ಲ ಪುಡಿಯಾಗಿ ಎರಡು ಮೂರಾಯಿತು. ನಾನು ಜಗಲಿಯ ಕಡೆ ನೋಡಿದೆ. ನನಗೆ ಚೆನ್ನಾಗಿಯೇ ಅರ್ಥವಾಯಿತು.

ಅವಳು ಎಂಟು ಒತ್ತಿದಳು. ಮಾತನ್ನು ನಾನೇ ಬರೆಯುತ್ತೇನೆಂದು ಹಟ ಹಿಡಿದೆ. 'ಊಟಕ್ಕೆ ಏಳಿ' ಎಂದು ಬರೆಯಬೇಕು. ಮದುವೆಯಾದಾಗಿನಿಂದ ಅವರನ್ನು ಬಹುವಚನ ಬಿಟ್ಟು ಕರೆದವಳಲ್ಲ. ಆದರೆ ಇಡೀ ದಿನ ಏಳು ಏಳು ಎಂದು ಕೇಳಿ ಕೇಳಿ ಬೆರಳಿಗೆ ಅದೇ ರೂಢಿಯಾಗಿತ್ತು. ಗೋಡೆಯ ಮೇಲೆ ಕೆಂಪಗೆ, ದುಂಡಗೆ, ಬೀದಿಗೆಲ್ಲ ಕಾಣುವಂತೆ ಬಂತು:

ಊಟಕ್ಕೆ ಏಳು

ಕುರ್ಚಿ ಕಿರ್ರೆಂದಿತು. ಯಜಮಾನರು ತಟ್ಟೆ ಕೈಯಲ್ಲಿ ಹಿಡಿದು ನಡುಮನೆಗೇ ಬಂದು ನಿಂತರು.

"ಎರಡು ಸಾಕು ಅಂದಿದ್ನಲ್ಲೇ. ಏಳು ಮುದ್ದೆ ಯಾರ್ ತಿಂತಾರೆ?"

ಜಗಳಕ್ಕೆ ಬಂದವರನ್ನು ಮಗ ತೋಳು ಹಿಡಿದು ಕೂರಿಸಿದ. ಮಗಳು ತಟ್ಟೆ ಇಸಿದುಕೊಂಡಳು. ರತ್ನಮ್ಮನನ್ನೂ ಹೋಗಗೊಡಲಿಲ್ಲ. ಅವಳೂ ಸೇರಿ ನಾವು ಏಳು ಜನ, ಇವರು ಎಂಟನೆಯವರು. ಚಂದನ ಬೋರ್ಡನ್ನು ಜಗಲಿಯಿಂದ ಬಿಚ್ಚಿ ತಂದು ಒಳಗಿನ ಮೊಳೆಗೆ ಹಾಕಿದಳು. ಅಳಿಯ ಏನೋ ತಮಾಷೆ ಹೇಳಿದ, ನಾವು ನಕ್ಕೆವು. ಚಂದನ ಎಡಗೈಯಲ್ಲಿ ಅದನ್ನೇ ಒತ್ತಿ ಕಳಿಸಿದಳು. ನಾವು ನಕ್ಕು ಮುಗಿಸಿದ ಮೇಲೆ ಯಜಮಾನರು ನಕ್ಕರು. ಅವರು ನಕ್ಕಿದ್ದು ನೋಡಿ ನಾವು ಮತ್ತೆ ನಕ್ಕೆವು. ನಾನೂ ಒಂದು ತಮಾಷೆ ಕಳಿಸೋಣವೆಂದು ಏಳಹೋದೆ. ಎಲ್ಲರೂ ಸೇರಿ ಕೂರಿಸಿದರು. ಅಷ್ಟರಲ್ಲಿ ಯಾರೋ ಏಳರ ಗುಂಡಿಯ ಮೇಲೆ ಪ್ಲಾಸ್ಟರ್ ಕೂಡ ಅಂಟಿಸಿಯಾಗಿತ್ತು!

ರತ್ನಮ್ಮನ ಕೊಪ್ಪರಿಗೆ ಬರೀ ಖಾಲಿ, ಆದ್ದರಿಂದ ಮುದ್ದೆ ಎಣಿಸಿಟ್ಟಷ್ಟೇ ಇತ್ತು. ಎರಡು ಸಾಕು ಎಂದಿದ್ದ ಯಜಮಾನರು ಅವೆರಡನ್ನೂ ಮುಗಿಸಿ ತಟ್ಟೆ ಮುಂದಕ್ಕೆ ತಳ್ಳಿದರು. ಎರಡೋ ಮೂರೋ ಎಂದು ಗೋಡೆಗಾದರೂ ಕೇಳಬೇಕೆಂದು ತಿಳಿದಿತ್ತು. ಪ್ರೋಗ್ರಾಂ ಬರೆದ ನನಗೆ ತಿಳಿಯಲಿಲ್ಲ. ಮೂರನೆಯದು ನನ್ನ ತಟ್ಟೆಯಿಂದ ಹೋಯಿತು.