ಅಣ್ಣ ಮ್ಯಾಗ, ತಮ್ಮ ಕೆಳಗ

ವೇದವ್ಯಾಸನ ಫಜೀತಿಗೆಲ್ಲ ಕಾರಣ ಎರಡು ಫೋಟೋ. ಒಂದು ಮಾನ್ವಿಯ ರೈಸ್ ಮಿಲ್ಲಿನ ಮಾಲೀಕ ವಿರೂಪಣ್ಣನದು, ಇನ್ನೊಂದು ಅವನ ತಮ್ಮ ಬಸವಪ್ರಸಾದನದು. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಸಣ್ಣದೊಂದು ಅಂಗಡಿ ಹಿಡಿದು ಮಂದಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ ವ್ಯಾಸ, ಆ ಮಿಲ್ಲಿನ ಪೇಜನ್ನು ಹಿಂದಿನ ದಿನವಷ್ಟೇ ಇಂಟರ್ನೆಟ್ಟಿಗೆ ಬಿಟ್ಟಿದ್ದ. ಅಣ್ಣನ ಫೋಟೋ ಮೇಲೆ, ತಮ್ಮನದು ಕೆಳಗೆ. ಆ ಮನೆಯಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಅಕ್ಕಿ ಚೀಲದವರೆಗೆ ಅದೇ ಕ್ರಮ. ಅದಕ್ಕೆ ತಮ್ಮ ಸದಾ ಮುಖ ಊದಿಸಿಕೊಂಡೇ ಇರುತ್ತಾನೆ ಎಂಬುದೂ ಮಾನ್ವಿಗೆಲ್ಲ ಗೊತ್ತಿತ್ತು.

ಬೆಳಿಗ್ಗೆ ವಿರೂಪಣ್ಣನ ಹೆಂಡತಿ ಅಂಬಮ್ಮನ ಫೋನು ಬಂತು.

"ಏನ್ ಮಾಡಿಟ್ಟೀಯಪ್ಪ ವ್ಯಾಸ? ನನ್ನ ಫೋನಿನ್ಯಾಗ ನಮ್ಮ ಮನಿಯವರ ಮಾರಿ ಮ್ಯಾಗ ಮೈದುನ ಬಂದು ಕುಂತಾನ. ತಲಿ ಮ್ಯಾಗಿನ ಪಟಗಾ ಇವರದು, ಮೀಸಿ ಅವಂದು. ಇದು ಯಾರಂತ ತಿಳ್ಕೊಬೇಕು?"

"ನನ್ನ ಕಂಪ್ಯೂಟರ್‌ನ್ಯಾಗ ಸರಿ ಅದರೀ ಅಕ್ಕಾರ."

"ನಿನ್ನ ಕಂಪ್ಯೂಟರ್ ಕಟಗೊಂಡು ನಾ ಏನ್ ಮಾಡ್ಲಿ? ಸಂಜಿಗೆ ಹೊಸ ಮಷೀನಿನ ಪೂಜಿ ಅದ. ಬಂದ ಬೀಗರೆಲ್ಲಾ ಫೋನ್ ತಗದು ನೋಡ್ತಾರ. ಅಷ್ಟರಾಗ ಸರಿ ಆಗಲಿಲ್ಲಂದ್ರ ಅಂಗಡಿ ಕೀಲಿ ತಂದು ಇಲ್ಲಿಟ್ಟು ಹೋಗು."

ವ್ಯಾಸ ಬಾಡಿಗೆಗೆ ಹಿಡಿದಿದ್ದ ಅಂಗಡಿ ವಿರೂಪಣ್ಣನದು. ಅದು ಹೋದರೆ ವ್ಯಾಸ ಮತ್ತೆ ಸೋದರಮಾವನ ಟ್ಯೂಷನ್ ಕ್ಲಾಸಿನಲ್ಲಿ ಮಕ್ಕಳಿಗೆ ಮಗ್ಗಿ ಕೇಳುತ್ತ ಕೂರಬೇಕು.

ಪಕ್ಕದ ಟೈರ್ ಅಂಗಡಿಯ ಅಮೀರ್ ಸಾಬ್ ಕರೆಯದೇ ಬಂದು ಬಗ್ಗಿ ನೋಡಿದ. ತನ್ನ ಫೋನು ತೆಗೆದು ಪೇಜು ತೆರೆದ. ಅದರಲ್ಲಿ ಅಣ್ಣತಮ್ಮ ಇಬ್ಬರೂ ಮೂಲೆಗೆ ಸರಿದು, ನಡುವೆ ಭತ್ತದ ರಾಶಿಯೊಂದೇ ಉಳಿದಿತ್ತು.

"ಪೇಜು ಒಂದ ಅದ ಸಾಬ್, ಬ್ರೌಸರ್ ಬ್ಯಾರೆ ಬ್ಯಾರೆ," ಎಂದ ವ್ಯಾಸ. "ನಾ ಬರದದ್ದನ್ನ ಒಂದೊಂದು ಬ್ರೌಸರೂ ತನಗ ತಿಳಿದಂಗ ಓದಿ ತೋರಸ್ತದ."

"ಹಂಗಾದ್ರ ಯಾವುದರಾಗೋ ಗಾಳಿ ಕಮ್ಮಿ ಆಗಿರಬೇಕು," ಎಂದು ಸಾಬ್ ತೀರ್ಮಾನ ಹೇಳಿದ. "ಅವರ ಫೋನ್ ನೋಡಿನ ಸರಿ ಮಾಡಬೇಕು. ನಡೀ, ಮಾನ್ವಿಗೆ ನಾನೂ ಬರ್ತೀನಿ. ಹೆಂಗೂ ಮಗಳ ಮನಿಗೆ ಹೋಗೋದಿತ್ತು."

ಬಸ್ಸಿನಲ್ಲಿ ವ್ಯಾಸ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಶುರು ಮಾಡಿದ. ಸಾಬ್ ಸುಮ್ಮನಿರುವ ಪೈಕಿಯವನಲ್ಲ. ಇಡೀ ಬಸ್ಸಿಗೆ ಸುದ್ದಿ ಹೇಳಿ ಎಲ್ಲರ ಕೈಯಲ್ಲೂ ಆ ಪೇಜು ತೆರೆಸಿದ. ವ್ಯಾಸ ಒಂದು ಸಾಲು ತಿದ್ದಿದರೆ ಮುಂದಿನ ಸೀಟಿನವರ ಫೋನಿನಲ್ಲಿ ವಿರೂಪಣ್ಣ ನೆಟ್ಟಗೆ ನಿಲ್ಲುತ್ತಿದ್ದ, ಹಿಂದಿನ ಸೀಟಿನವರ ಫೋನಿನಲ್ಲಿ ಬಸವಪ್ರಸಾದ ಕಾಣೆಯಾಗುತ್ತಿದ್ದ. ಹಿಂದಿನವರಿಗೆ ಸರಿ ಮಾಡಿದರೆ ಕಂಡಕ್ಟರನ ಫೋನಿನಲ್ಲಿ ಇಬ್ಬರ ತಲೆಯ ಮೇಲೂ ಅಕ್ಕಿ ಚೀಲ ಬಂದು ಕೂರುತ್ತಿತ್ತು.

"ತಮ್ಮ ಹೋದ," ಎಂದು ಹಿಂದಿನಿಂದ ಕೂಗುತ್ತಿದ್ದರು. "ಅಣ್ಣ ಬಂದ, ಆದ್ರ ಕುತಗಿ ತನಕಾ ಅಷ್ಟ," ಎಂದು ಮುಂದಿನಿಂದ. ಕಲ್ಲೂರು ದಾಟುವ ಹೊತ್ತಿಗೆ ವ್ಯಾಸನಿಗೆ ಯಾರು ಅಣ್ಣ, ಯಾರು ತಮ್ಮ ಎಂಬುದೇ ಮರೆತು, ತಾನು ಯಾವುದನ್ನು ತಿದ್ದುತ್ತಿದ್ದೇನೆ, ಯಾವುದನ್ನು ಕೆಡಿಸುತ್ತಿದ್ದೇನೆ ಒಂದೂ ತಿಳಿಯದಾಯಿತು. ಮಾನ್ವಿ ಬಂದರೂ ಇಳಿಯಲು ಮನಸ್ಸಿಲ್ಲದೆ ಕೆಲವರು ಫೋನು ಹಿಡಿದುಕೊಂಡೇ ಕೂತಿದ್ದರು.

ಅಂಬಮ್ಮನ ಮನೆಯ ಪಡಸಾಲೆಯಲ್ಲಿ ಕೂತು, ಅವಳು ಕೊಟ್ಟ ಚಹಾ ಆರಿಸಿಕೊಂಡು, ವ್ಯಾಸ ಎಲ್ಲವನ್ನೂ ಮೊದಲಿನಿಂದ ಬರೆದ. ಹಳೇ ಬ್ರೌಸರ್, ಹೊಸ ಬ್ರೌಸರ್, ಸಣ್ಣ ಫೋನು, ದೊಡ್ಡ ಫೋನು, ಯಾವುದನ್ನೂ ಬಿಡಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲದರಲ್ಲೂ ಒಂದೇ ಚಿತ್ರ ಬಂತು. ಅಣ್ಣ ಮೇಲೆ, ತಮ್ಮ ಕೆಳಗೆ, ಇಬ್ಬರ ಮೀಸೆಯೂ ಅವರವರ ಮುಖದಲ್ಲಿ. ಅಂಬಮ್ಮ ತನ್ನ ಫೋನು ನೋಡಿ ನಕ್ಕಳು. ವ್ಯಾಸನಿಗೆ ಅಳುವಷ್ಟು ಸಂತೋಷವಾಯಿತು.

ಎಲ್ಲರೂ ಮಿಲ್ಲಿಗೆ ಹೋದರು. ಅಲ್ಲಿ ಅಣ್ಣತಮ್ಮ ಒಂದೇ ಬೆಂಚಿನ ಮೇಲೆ ಕೂತು ಒಂದೇ ತಟ್ಟೆಯಿಂದ ಮಿರ್ಚಿ ಭಜಿ ತಿನ್ನುತ್ತಿದ್ದರು. ಊರಿಗೆ ಬಂದಾಗಲೆಲ್ಲ ಇವರಿಬ್ಬರು ಬೆನ್ನು ಹಾಕಿ ಕೂತಿದ್ದನ್ನೇ ಕಂಡಿದ್ದ ಅಮೀರ್ ಸಾಬ್, ಹೌಹಾರಿ ಬಾಗಿಲಲ್ಲೇ ನಿಂತ.

ಬಸವಪ್ರಸಾದ ಎದ್ದು ಬಂದು ವ್ಯಾಸನ ಕೈ ಹಿಡಿದು ಆಫೀಸಿನೊಳಗೆ ಕರೆದೊಯ್ದ.

"ವ್ಯಾಸಾರ, ನಿಮ್ಮ ಪೇಜಿನಿಂದ ನಮ್ಮ ಮನಿ ಒಂದಾತು," ಎಂದ ಮೆಲ್ಲಗೆ. ಅವನ ಕಣ್ಣು ಒದ್ದೆಯಾಗಿತ್ತು. "ರಾತ್ರಿ ಈ ಕಂಪ್ಯೂಟರ್‌ನ್ಯಾಗ ನೋಡಿದೆ. ನನ್ನ ಫೋಟೋ ಮ್ಯಾಗ, ಅಣ್ಣಂದು ಕೆಳಗ. ಬಾಯಿಲೆ ಒಂದ ಮಾತೂ ಆಡದನ ಅಣ್ಣ ಎಷ್ಟು ದೊಡ್ಡ ಮನಸ್ಸು ಮಾಡ್ಯಾನ ನೋಡ್ರಿ. ಬೆಳಿಗ್ಗಿ ಹೋಗಿ ಕಾಲಿಗೆ ಬಿದ್ದೆ."

ವ್ಯಾಸ ಕಂಪ್ಯೂಟರನ್ನು ನೋಡಿದ. ಅದು ಮಿಲ್ಲಿನಷ್ಟೇ ಹಳೆಯದು, ಅದರ ಬ್ರೌಸರ್ ಇನ್ನೂ ಹಳೆಯದು. 'ಅಣ್ಣ ಮೇಲಿರಲಿ' ಎಂದು ತಾನು ಬರೆದ ಸಾಲು ಅದಕ್ಕೆ ತಿಳಿದಿಲ್ಲ, ಹಾರಿಸಿಬಿಟ್ಟು ತಮ್ಮನನ್ನೇ ಮೇಲೆ ತೋರಿಸಿದೆ. ಅತ್ತ ವಿರೂಪಣ್ಣ ತನ್ನ ಫೋನಿನಲ್ಲಿ ತಾನೇ ಮೇಲಿರುವುದನ್ನು ನೋಡಿ, ತಮ್ಮ ಬಂದು ಕಾಲಿಗೆ ಬಿದ್ದದ್ದನ್ನೂ ನೋಡಿ, ಕಡೆಗೂ ಇವನಿಗೆ ಬುದ್ಧಿ ಬಂತು ಎಂದು ಹಿಗ್ಗಿದ್ದಾನೆ. ಇದೆಲ್ಲ ಹೊಳೆಯುವಷ್ಟರಲ್ಲಿ ಬಸವಪ್ರಸಾದ, ಪೂಜೆಗೆ ಬಂದಿದ್ದ ಬೀಗರಿಗೆ ತೋರಿಸಲೆಂದು ಪೇಜು ಮತ್ತೆ ತೆರೆದುಬಿಟ್ಟಿದ್ದ.

ಅಣ್ಣ ಮೇಲೆ, ತಮ್ಮ ಕೆಳಗೆ.

"ಯಣ್ಣಾ, ಒಂದ ರಾತ್ರಿಗೆ ಮನಸ್ಸು ತಿರುಗಿತೇನು?" ಎಂದು ಬಸವಪ್ರಸಾದ ಹೊರಗೆ ಕೇಳುವಂತೆ ಕೂಗಿದ.

"ಯಾವ ಮನಸ್ಸೋ?" ಎಂದು ವಿರೂಪಣ್ಣ ಭಜಿ ಹಿಡಿದುಕೊಂಡೇ ಒಳಗೆ ಬಂದ.

"ನನ್ನ ಮ್ಯಾಗ ಹಾಕ್ಸಿದ್ದಿ. ಬೀಗರ ಮುಂದ ಮತ್ತ ಕೆಳಗ ಇಳಿಸಿದಿ."

"ನಿನ್ನ ಮ್ಯಾಗ ಹಾಕ್ಸಾಕ ನನಗೇನು ತಲಿ ಕೆಟ್ಟದೇನು?"

ಐದು ನಿಮಿಷದಲ್ಲಿ ಅವರಪ್ಪನ ಕಾಲದ ಜಗಳಗಳೆಲ್ಲ ಹೊರಗೆ ಬಂದವು. ಪೂಜಾರಿ ತೆಂಗಿನಕಾಯಿ ಹಿಡಿದು, ಒಡೆಯಲೋ ಬೇಡವೋ ತಿಳಿಯದೆ ನಿಂತಿದ್ದ. ಕೊನೆಗೆ ಇಬ್ಬರೂ ಒಟ್ಟಿಗೇ ವ್ಯಾಸನ ಕಡೆ ತಿರುಗಿದರು.

"ಕೀಲಿ ಇಲ್ಲಿಡು," ಎಂದ ವಿರೂಪಣ್ಣ.

ವ್ಯಾಸ ಕೀಲಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ಲ್ಯಾಪ್‌ಟಾಪ್ ತೆರೆದು, ದಿನವಿಡೀ ಕಷ್ಟಪಟ್ಟು ಆ ಹಳೇ ಬ್ರೌಸರಿಗೆ ಸರಿ ಮಾಡಿದ್ದನ್ನಷ್ಟೇ ನೆನಪಿಸಿಕೊಂಡು ನೆನಪಿಸಿಕೊಂಡು ಕೆಡಿಸಿದ. "ಈಗ ನೋಡ್ರಿ. ಕರೆಂಟ್ ಹೋಗಿ ಬಂದದ್ದಕ್ಕ ಹಂಗ ತೋರಿಸಿತ್ತು," ಎಂದು ಒಂದು ಸುಳ್ಳನ್ನೂ ಸೇರಿಸಿದ.

ತಮ್ಮ ಕಂಪ್ಯೂಟರ್ ನೋಡಿ ತಣ್ಣಗಾದ. ಅಣ್ಣ ತನ್ನ ಫೋನು ನೋಡಿ ತಣ್ಣಗಾದ. ಒಬ್ಬರದನ್ನೊಬ್ಬರು ನೋಡದಂತೆ ಅಮೀರ್ ಸಾಬ್ ನಡುವೆ ನಿಂತು ಭಜಿಯ ತಟ್ಟೆ ಹಿಡಿದ. ಪೂಜಾರಿ ಕಾಯಿ ಒಡೆದ. ವ್ಯಾಸ ಉಸಿರು ಬಿಟ್ಟು ಕೀಲಿಗೆ ಕೈ ಚಾಚಿದ.

ಕೀಲಿ ಅಲ್ಲಿರಲಿಲ್ಲ. ಅಂಬಮ್ಮನ ಕೈಯಲ್ಲಿತ್ತು. ಎರಡೂ ಪರದೆಯನ್ನು ನೋಡಿಕೊಂಡು ಬಂದಿದ್ದ ಅವಳು ವ್ಯಾಸನನ್ನು ಚೀಲಗಳ ಮರೆಗೆ ಕರೆದಳು.

"ಎಲ್ಲಾ ತಿಳೀತು ನನಗ," ಎಂದಳು. "ನಿನ್ನಂಥಾ ಶಾಣ್ಯಾನ್ನ ನಾ ನೋಡಿಲ್ಲಪ್ಪ. ದೇವದುರ್ಗದಾಗ ನಮ್ಮ ತವರಿನವರು ಹತ್ತಿ ಮಿಲ್ ಹಾಕ್ಯಾರ. ಏಳು ಮಂದಿ ಅಣ್ತಮ್ಮರು, ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ. ಅವರಿಗೂ ಇಂಥಾದ್ದ ಒಂದು ಪೇಜು ಮಾಡಿಕೊಡು. ಯಾರು ತಗದು ನೋಡಿದ್ರೂ ಅವರ ಫೋಟೋನ ಮ್ಯಾಗ ಇರಬೇಕು. ಮಾಡಿ ಬಂದು ಕೀಲಿ ಒಯ್ಯಿ."

ವ್ಯಾಸ ಮನಸ್ಸಿನಲ್ಲೇ ಬ್ರೌಸರುಗಳನ್ನು ಎಣಿಸಿದ. ಏಳು ಮಂದಿ, ಏಳು ಬಗೆಯ ಫೋನು, ಏಳು ಬಗೆಯ ಬ್ರೌಸರು. ಕಷ್ಟ, ಆದರೆ ಆಗದ ಮಾತಲ್ಲ.

"ಅಕ್ಕಾರ, ಅವರು ಯಾವ್ಯಾವ ಫೋನು ಇಟ್ಕೊಂಡಾರ?"

"ಏಳೂ ಒಂದ ನಮೂನಿವು. ಯಾರದೂ ಹೆಚ್ಚು ಕಮ್ಮಿ ಆಗಬಾರದಂತ ನಮ್ಮಪ್ಪ ಒಂದ ಅಂಗಡ್ಯಾಗ ಕೂಡೇ ತಂದಾನ," ಎಂದು ಅಂಬಮ್ಮ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.